ಬ್ರೋಕರ್ ಬಿಟ್ಟುಹೋದ ಫೋನು

ಅಂಗಡಿ ಬಾಡಿಗೆಗೆ ಹಿಡಿದರೆ ಹಳಬರ ಮೊಳೆ, ಕ್ಯಾಲೆಂಡರು, ಜಿರಲೆ ಎಲ್ಲ ನಮ್ಮ ಪಾಲಿಗೇ ಬರುತ್ತವೆ. ನನ್ನ ಪಾಲಿಗೆ ಒಂದು ಲ್ಯಾಂಡ್‌ಲೈನ್ ಫೋನೂ ಬಂತು. ಚನ್ನಪಟ್ಟಣದಲ್ಲಿ ನನ್ನದು ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಮುಂಚೆ ಅಲ್ಲಿದ್ದವರು ಮದುವೆ ಬ್ರೋಕರು. ಅವರು ಕನಕಪುರಕ್ಕೆ ಹೋದರು, ನಂಬರ್ ಮಾತ್ರ ಇಲ್ಲೇ ಉಳಿಯಿತು. ದಿನಾ ಯಾರ್ಯಾರದೋ ಮದುವೆಗೆ ಅದು ಬಡಕೊಳ್ಳುತ್ತದೆ. ಎತ್ತುವವನಿಗೆ ಮಾತ್ರ ವಯಸ್ಸು ಮೂವತ್ತಾರು, ಇನ್ನೂ ಮದುವೆ ಇಲ್ಲ.

ಗುಣ ಇದ್ದರೆ ಸಾಕು

ಮಾಗಡಿ ಕಡೆಯಿಂದ ಒಬ್ಬ ಯಜಮಾನರು ಫೋನ್ ಮಾಡಿದರು. ಬ್ರೋಕರ್ ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಮಗಳು ಬಿ.ಎಡ್. ಮಾಡವ್ಳೆ. ಆಸ್ತಿ ಗೀಸ್ತಿ ಕೇಳಕಿಲ್ಲ. ಹುಡ್ಗ ಗುಣವಂತ ಆಗಿದ್ರೆ ಸಾಕು" ಅಂದರು.

ತೆರೆದ ಬಾಯಿ ಬೇರೆ ದಾರಿ ಹಿಡಿಯಿತು. "ಒಬ್ಬ ಅವ್ನೆ ಸ್ವಾಮಿ. ಬೀಡಿ ಇಲ್ಲ, ಕುಡ್ತ ಇಲ್ಲ. ಚನ್ನಪಟ್ಟಣದಾಗೆ ಸ್ವಂತ ಅಂಗ್ಡಿ."

"ಏನಂಗ್ಡಿ?"

"ಮಿಷನ್ ರಿಪೇರಿ."

"ಗುಣ ಸಾಕು ಅಂದೆ ನಿಜ. ಅದೇ ಗುಣ ಗೌರ್ಮೆಂಟ್ ಕೆಲ್ಸದಾಗಿರೋನ ಹತ್ರ ಇದ್ರೆ ನೋಡಿ" ಅಂದರು.

ಮೈಸೂರುಪಾಕು

ದೊಡ್ಡಮಳೂರಿನ ಒಬ್ಬ ಹುಡುಗ ಫೋನಿನಲ್ಲೇ ಕುಣಿದಾಡಿದ. "ಅಣ್ಣಾ, ನೀವ್ ಕೂಡ್ಸಿದ್ ಸಂಬಂಧ! ಗಂಡು ಮಗು ಆಯ್ತು! ಅಂಗ್ಡಿಗೆ ಸ್ವೀಟ್ ಕಳಿಸ್ತಾ ಇವ್ನಿ!"

ಅಣ್ಣ ನಾನಲ್ಲ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟ. ಸಂಜೆಗೆ ಮೈಸೂರುಪಾಕು ಬಂದೇಬಿಟ್ಟಿತು. ಹಲ್ಲು ಕಚ್ಚಿಕೊಂಡೇ ತಿಂದೆ. ಇನ್ನೊಬ್ಬರ ಸುಖ ಅಷ್ಟು ತುಪ್ಪ ಹಾಕಿಸಿಕೊಂಡಿರುತ್ತದೆ ಅಂತ ಗೊತ್ತಿರಲಿಲ್ಲ.

ಪಕ್ಕದ ಅಂಗಡಿಯಲ್ಲಿ ಗೊಂಬೆ ಮಾಡುವ ಭಾಯಿಗೂ ಒಂದು ತುಂಡು ಕೊಟ್ಟೆ. "ಏನ್ ಖುಷಿ ಸಮಾಚಾರ?" ಅಂದರು.

"ಯಾರಿಗೋ ಗಂಡು ಮಗು ಆಯ್ತಂತೆ."

ನನ್ನ ಮುಖ ನೋಡಿ, "ಅದಕ್ಯಾಕೆ ಹಿಂಗ್ ಕೂತಿದೀರಾ? ಮಗೂನ ನಿಮ್ ಹತ್ರ ಬಿಟ್ಟು ಹೋದ್ರಾ?" ಅಂದರು.

ತವರಿಗೆ ಹೋದವಳು

ಇನ್ನೊಬ್ಬ ಜಗಳಕ್ಕೇ ಫೋನ್ ಮಾಡಿದ. "ಎಂಥ ಹುಡ್ಗೀನ ತೋರ್ಸಿದ್ರೀ? ಸಾರಿಗೆ ಉಪ್ಪು ಕಮ್ಮಿ ಅಂದಿದ್ದೇ ತಪ್ಪಾಗಿ ತವರಿಗೆ ಹೊಂಟೋದ್ಲು!"

ನನ್ನ ಹೊಟ್ಟೆ ಉರಿಯಿತು. "ಸಾರು ಮಾಡಕ್ಕೆ, ಜಗಳ ಆಡಕ್ಕೆ ನಿಮ್ಗೆ ಒಬ್ಳಾದ್ರೂ ಅವ್ಳಲ್ಲ! ಈಗ್ಲೇ ಹೋಗಿ ಕರ್ಕಂಡ್ ಬನ್ನಿ!" ಅಂತ ಕೂಗಾಡಿದೆ.

ಆತ ಮೆತ್ತಗಾದ. "ಬೇಜಾರ್ ಮಾಡ್ಕಬೇಡಿ ಅಣ್ಣ. ನಿಮ್ಮೋರೂ ಹೋಗ್ಬುಟ್ರಾ?"

"ಇನ್ನೂ ಬಂದೇ ಇಲ್ಲ ಕಣಪ್ಪಾ!"

ಆಫೀಸಿನ ರೂಲ್ಸು

ಒಂದು ಮಧ್ಯಾಹ್ನ ಎತ್ತಿದರೆ ನಮ್ಮವ್ವನ ದನಿ. ನನ್ನ ಜೊತೆ ಮಾತಾಡುವುದಾದರೆ ಅವ್ವ ಮೊಬೈಲಿಗೇ ಮಾಡುತ್ತಾಳೆ. ಈ ನಂಬರು ಅವಳಿಗೆ ಗೊತ್ತೇ ಇರಲಿಲ್ಲ. "ಬ್ರೋಕರ್ರಾ? ಕಬ್ಬಾಳಿನ ನಮ್ಮ ನೆಂಟ್ರು ನಂಬರ್ ಕೊಟ್ರು. ನನ್ ಮಗನ್ಗೆ ಒಂದ್ ಹೆಣ್ ನೋಡ್ಬೇಕಿತ್ತು" ಅಂದಳು.

ಎಣ್ಣೆ ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು, ದನಿ ದಪ್ಪ ಮಾಡಿಕೊಂಡು, "ಹುಡ್ಗ ಹೆಂಗವ್ನೆ?" ಅಂದೆ.

"ಚಿನ್ನದಂಥೋನು! ಎತ್ತರದ ಆಳು. ತಲೆ ತುಂಬ ಕೂದ್ಲು."

ನನ್ನ ಕೈ ತಾನಾಗಿ ತಲೆಗೆ ಹೋಯಿತು. ಅಲ್ಲಿ ತುಂಬಿದ್ದೇನೂ ಸಿಗಲಿಲ್ಲ. ಹೆತ್ತವಳ ಕಣ್ಣಿಗೆ ಹಾಗೆ ಕಾಣುತ್ತೇನೇನೋ ಅಂದುಕೊಂಡು, "ಹೆಸ್ರೇನು?" ಅಂದೆ.

ನನ್ನ ತಮ್ಮನ ಹೆಸರು ಹೇಳಿದಳು!

ಬಟ್ಟೆಯನ್ನು ಮತ್ತೆ ಬಾಯಿಗೆ ಒತ್ತಿಕೊಂಡೆ. "ಹಿರೀ ಮಗ ಇಲ್ವಾ?"

"ಅವ್ನೆ. ಮಿಷನ್ ರಿಪೇರಿ. ಅವನ್ಗೆ ನೋಡಿ ನೋಡಿ ನನ್ ಕಾಲೇ ಸವೆದೋಯ್ತು. ಅವನ್ ಇಸ್ಯ ಬುಡಿ."

"ಬುಡೋದೆಂಗೆ? ದೊಡ್ಡೋನು ಇರ್ಬೇಕಾದ್ರೆ ಚಿಕ್ಕೋನ್ಗೆ ನಾವು ಹೆಣ್ ತೋರ್ಸಾಕಿಲ್ಲ. ನಮ್ ಆಫೀಸಿನ ರೂಲ್ಸು!"

"ಸರಿ, ನಿಮ್ ರೂಲ್ಸ್‌ನಂಗೇ ಆಗ್ಲಿ. ಮೊದ್ಲು ದೊಡ್ಡೋನ್ಗೇ ನೋಡಿ" ಅಂದಳು ಅವ್ವ. "ಆ ಬಟ್ಟೆ ಬಾಯಿಂದ ತೆಗ್ಯೋ, ಉಸ್ರು ಕಟ್ಟಾದು. ಬರೋವಾಗ ಒಂದ್ ಕಟ್ಟು ಕೊತ್ತಂಬ್ರಿ ಸೊಪ್ಪು ತತ್ತಾ."