ವಾರಗಿತ್ತಿಯ ಇಂಕ್ ಟ್ಯಾಂಕು

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ನನಗೆ ಎರಡು ಭಾಷೆಗಳಲ್ಲಿ ಹೇಳಿಕೊಟ್ಟಿದ್ದಾರೆ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಹೇಳಿದರು, ಕೋಲಾರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇಂಗ್ಲಿಷಿನಲ್ಲಿ ಹೇಳಿದರು. ಪಾಠ ಎರಡೂ ಕಡೆ ಚೆನ್ನಾಗಿಯೇ ಅರ್ಥವಾಯಿತು. ಆದರೆ ಅರ್ಥವಾದ ಪಾಠವೆಲ್ಲ ಬದುಕಿಗೆ ಇಳಿಯುವುದಾಗಿದ್ದರೆ ನಾನು ಇಷ್ಟು ಹೊತ್ತಿಗೆ ಆಲ್ಜಿಬ್ರಾದಲ್ಲಿ ಹುಳಿ ಕುದಿಸುತ್ತಿದ್ದೆ. ಈ ವಯಸ್ಸಿನಲ್ಲಿ ಮೊಣಕಾಲು, ಕಣ್ಣು, ಕಿವಿ ಒಂದೊಂದಾಗಿ ರಜೆ ಕೇಳುತ್ತಿವೆ. ಹೊಟ್ಟೆಕಿಚ್ಚು ಮಾತ್ರ ಒಂದು ದಿನವೂ ಸಿ.ಎಲ್. ಹಾಕದೆ ಟೈಮಿಗೆ ಸರಿಯಾಗಿ ಡ್ಯೂಟಿಗೆ ಬರುತ್ತದೆ. ಬಂದು ಎಲ್ಲಿ ಕೂರುತ್ತದೆ ಎಂದು ಹೇಳುವುದೂ ಕಷ್ಟವಲ್ಲ. ನಮ್ಮ ಹಾಲಿನಲ್ಲಿ ಪೂರ್ವದ ಗೋಡೆಗೆ ಒರಗಿಸಿದ ಒಂದು ಕುರ್ಚಿ ಇದೆ. ಆ ಗೋಡೆಯ ಆಚೆ ನನ್ನ ವಾರಗಿತ್ತಿ ಲಲಿತ ಇದ್ದಾಳೆ.

ಮುಳಬಾಗಿಲಿನ ಈ ಮನೆ ಮೊದಲು ಒಂದೇ ಆಗಿತ್ತು. ನಮ್ಮ ಯಜಮಾನರೂ ಅವರ ತಮ್ಮನೂ ಜಗಳವಿಲ್ಲದೆ, ಮುಖ ಸಿಂಡರಿಸದೆ, ಭಾಗ ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದರು. ಜಗಳವಾಗಿದ್ದರೆ ಗೋಡೆಯನ್ನು ದಪ್ಪಗೆ ಕಟ್ಟಿಸುತ್ತಿದ್ದರು. ಪ್ರೀತಿಯಿಂದ ಕಟ್ಟಿಸಿದ್ದರಿಂದ ಆ ಕಡೆ ಒಗ್ಗರಣೆ ಸಿಡಿದರೆ ಈ ಕಡೆ ಸೀನು ಬರುತ್ತದೆ. ಲಲಿತ ಶ್ರೀನಿವಾಸಪುರದ ಕಡೆಯವಳು. ಮಾವಿನ ತೋಪಿನ ಮನೆಯ ಹುಡುಗಿ, ಮಾತು ಅರ್ಧ ತೆಲುಗು, ಓದಿದ್ದು ಸರ್ಕಾರಿ ಶಾಲೆ. ನಾನಾದರೋ ಬಿಳಿ ಸಾಕ್ಸ್ ಹಾಕಿಕೊಂಡು ಹೋಗಿ ಎಲೊಕ್ಯೂಶನ್ನಿನಲ್ಲಿ ಪ್ರೈಜ್ ತೆಗೆದುಕೊಂಡವಳು. ಈ ವ್ಯತ್ಯಾಸವನ್ನು ನಾನು ಯಾರಿಗೂ ಹೇಳಿದವಳಲ್ಲ. ಎಲ್ಲರಿಗೂ ತಾನಾಗಿಯೇ ಗೊತ್ತಿರಲಿ ಎಂದು ಮಾತ್ರ ಬಯಸಿದವಳು.

ಗೊಂಬೆ ಹಬ್ಬದಲ್ಲಂತೂ ಅದು ಗೊತ್ತಾಗುತ್ತಿತ್ತು. ನವರಾತ್ರಿಯಲ್ಲಿ ನಮ್ಮ ಬೀದಿಯ ಹೆಂಗಸರು ಮೊದಲು ನಮ್ಮ ಮನೆಗೇ ಬರುವುದು ರೂಢಿ. ಪಟ್ಟದ ಗೊಂಬೆಗಳು, ಮೆಟ್ಟಿಲ ಮೇಲೆ ಬಿಳಿ ಬಟ್ಟೆ, ಕೆಳಗೆ ನಾನು ಕೈಯಾರೆ ಮಾಡಿದ ಮಿನಿಯೇಚರ್ ಪಾರ್ಕು, ಅದರಲ್ಲಿ ರಾಗಿ ಮೊಳಕೆಯ ಹುಲ್ಲು, ಕನ್ನಡಿಯ ಕೊಳ. ಬಂದವರು ಕೂತು ಹಾಡಿ, ಆರತಿ ಮಾಡಿ, ಚರುಪು ತಿಂದು, ತಾಂಬೂಲ ತೆಗೆದುಕೊಂಡು, ಆಮೇಲೆ ಗೋಡೆಯ ಆಚೆ ಹೋಗಿ ಲಲಿತಳ ನಾಲ್ಕು ಗೊಂಬೆಗಳಿಗೂ ಒಂದು ಶಾಸ್ತ್ರ ಮುಗಿಸುತ್ತಿದ್ದರು. ಜಗತ್ತು ಹೀಗೆ ಸರಿಯಾಗಿ ನಡೆಯುತ್ತಿರುವಾಗ, ಹೋದ ವರ್ಷ, ಲಲಿತ ಒಂದು ಫೋಟೋ ಪ್ರಿಂಟರ್ ತಂದಳು. ಬಂದ ಹೆಂಗಸರನ್ನೆಲ್ಲ ಗೊಂಬೆಗಳ ಮುಂದೆ ನಿಲ್ಲಿಸಿ ಫೋನಿನಲ್ಲಿ ಫೋಟೋ ಹಿಡಿದು, ಅಲ್ಲಿಯೇ ಪ್ರಿಂಟ್ ತೆಗೆದು, ತಾಂಬೂಲದ ಮೇಲಿಟ್ಟು ಕೊಟ್ಟಳು!

ಮಾರನೆಯ ಸಂಜೆ ನಮ್ಮ ಮನೆಗೆ ಬಂದವರು ಚಾಪೆಯ ಅಂಚಿನಲ್ಲಿ ಕೂತರು. ಬಸ್ಸು ಬರುವ ಹೊತ್ತಾದವರು ಕೂರುವ ಹಾಗೆ. ಅರ್ಚಕರ ಮನೆಯ ಪದ್ಮಾವತಮ್ಮ ಬಾಯಲ್ಲಿ ಉಸಲಿ ಇರುವಾಗಲೇ ಎದ್ದರು. “ಬರ್ತೀನಿ ವಿಮಲಮ್ಮ, ತಪ್ಪು ತಿಳ್ಕೋಬೇಡಿ. ಲಲಿತಮ್ಮನ ಮನೇಲಿ ಲೈನು ದೊಡ್ಡದಾಗುತ್ತೆ” ಎಂದರು. ಲೈನು! ನಮ್ಮ ಗೊಂಬೆಗಳನ್ನು ನೋಡಲು ಯಾರೂ ಎಂದೂ ಲೈನು ನಿಂತಿರಲಿಲ್ಲ. ಆ ಸಂಜೆಯೆಲ್ಲ ನಾನು ಪೂರ್ವದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ. ಜರ್ರ್... ಟಕ್. ಜರ್ರ್... ಟಕ್. ಒಂದೊಂದು ಜರ್ರಿಗೂ ಒಬ್ಬೊಬ್ಬ ಹೆಂಗಸಿನ ಸಂತೋಷ. ಅದು ನನ್ನದಾಗಬೇಕಾಗಿದ್ದ ಸಂತೋಷ.

ಈ ವರ್ಷ ಶ್ರಾವಣದಲ್ಲೇ ಹೇಳಿದೆ, “ರೀ, ನಮಗೊಂದು ಪ್ರಿಂಟರ್ ಬೇಕು.” ನಮ್ಮವರು ಆಡಿಟರ್ ಆಗಿದ್ದವರು. ನಿವೃತ್ತರಾದರೂ ಎಲ್ಲದಕ್ಕೂ ವೋಚರ್ ಕೇಳುವ ಅಭ್ಯಾಸ ಬಿಟ್ಟಿಲ್ಲ. “ಯಾಕೇ?” ಎಂದರು. ಆಧಾರ್ ಜೆರಾಕ್ಸ್, ಲೈಫ್ ಸರ್ಟಿಫಿಕೇಟು, ನಿಮ್ಮ ಬಿ.ಪಿ. ರಿಪೋರ್ಟು, ಹಳೆಯ ಫೋಟೋ ಸ್ಕ್ಯಾನಿಂಗು ಎಂದು ಒಂದೇ ಉಸಿರಿಗೆ ಹೇಳಿದೆ. ಆಲ್-ಇನ್-ಒನ್ ಯಂತ್ರದ ದೊಡ್ಡ ಅನುಕೂಲವೇ ಅದು, ನೆಪಗಳೂ ಆಲ್-ಇನ್-ಒನ್ ಆಗಿ ಸಿಗುತ್ತವೆ. ಅವರು ಕನ್ನಡಕದ ಮೇಲಿನಿಂದ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. “ದಸರಾ ಯಾವಾಗ ಬಂತು?” ಎಂದಷ್ಟೇ ಕೇಳಿ ಪೇಪರಿನೊಳಗೆ ಹೋದರು.

ಕೋಲಾರಕ್ಕೆ ಹೋದೆವು. ಅಂಗಡಿಯವನು ಮೊದಲು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ. “ಮೇಡಂ, ದಿನಾ ಪ್ರಿಂಟ್ ಹಾಕ್ತೀರಾ, ಇಲ್ಲಾ ಯಾವಾಗ್ಲೋ ಒಂದ್ಸಲನಾ?” ಅದನ್ನು ಬಿಟ್ಟು ನಾನು ಬೇರೆ ಎಲ್ಲವನ್ನೂ ಯೋಚಿಸಿಕೊಂಡು ಹೋಗಿದ್ದೆ. ಅವನು ಒಂದು ಯಂತ್ರವನ್ನು ತಟ್ಟಿ, “ಇದು ತಗೊಳ್ಳಿ, ಇಂಕ್ ಟ್ಯಾಂಕಿಂದು. ಬಾಟ್ಲಲ್ಲಿ ಇಂಕ್ ಬರುತ್ತೆ, ಸುರ್ಕೊಂಡ್ರಾಯ್ತು. ಮಿಷನ್ ರೇಟು ಸ್ವಲ್ಪ ಜಾಸ್ತಿ, ಆದ್ರೆ ಆಮೇಲೆ ಖರ್ಚೇ ಇಲ್ಲ. ನಿಮ್ ಮುಳಬಾಗ್ಲಿಗೂ ಒಂದು ಹೋದ ವರ್ಷ ಕೊಟ್ಟಿದ್ದೀನಿ” ಎಂದ.

“ಯಾರಿಗೆ?” ಎಂದೆ. ಕೇಳುವ ಅಗತ್ಯವಿರಲಿಲ್ಲ. ಕಪ್ಪು ಡಬ್ಬದಂಥ ಮೈ, ಪಕ್ಕದಲ್ಲಿ ನಾಲ್ಕು ಬಣ್ಣದ ಕಿಟಕಿ. ಅದೇ.

“ಇದು ಬೇಡ” ಎಂದೆ. “ಯಾಕೆ ಮೇಡಂ?” ಎಂದ. ಯಾಕೆ ಎಂದು ಹೇಳಲಿ? ವಾರಗಿತ್ತಿಯ ಸೀರೆಯಂಥದೇ ಸೀರೆಯನ್ನು ಒಂದು ವರ್ಷ ತಡವಾಗಿ ಉಟ್ಟುಕೊಂಡು ಹೋದ ಹಾಗಾಗುತ್ತದೆ ಎಂದರೆ ಪ್ರಿಂಟರ್ ಮಾರುವವನಿಗೆ ತಿಳಿಯುತ್ತದೆಯೇ? “ಲುಕ್ ಚೆನ್ನಾಗಿಲ್ಲ” ಎಂದೆ. ಆಗ ಅವನು ಇನ್ನೊಂದನ್ನು ತೋರಿಸಿದ. ಮುತ್ತಿನ ಬಿಳುಪು, ಬೆರಳು ಮುಟ್ಟಿದರೆ ಬೆಳಗುವ ಪರದೆ, ಮೇಲೆ ಸ್ಕ್ಯಾನರ್, ಒಳಗೆ ಫೋಟೋ ಹಾಳೆಗೆ ಬೇರೆ ಟ್ರೇ, ಅಂಚೇ ಇಲ್ಲದ ಫೋಟೋ. ರೇಟು ಲಲಿತಳದಕ್ಕಿಂತ ಕಡಿಮೆ! ನನ್ನ ಎದೆ ತಂಪಾಯಿತು. ಅವನು ಮಾತ್ರ ತಲೆ ತುರಿಸಿಕೊಂಡು, “ಇದಕ್ಕೆ ಕಾರ್ಟ್ರಿಜ್ ಬರುತ್ತೆ ಮೇಡಂ, ಚಿಕ್ ಚಿಕ್ ಡಬ್ಬಿ. ಅದೇ ಸ್ವಲ್ಪ...” ಎಂದು ನಿಲ್ಲಿಸಿದ. ‘ಸ್ವಲ್ಪ’ದ ಮುಂದೆ ಏನಿತ್ತು ಎಂದು ನಮ್ಮವರು ಕೇಳಲು ಬಾಯಿ ತೆರೆದರು. ನಾನು ಪ್ಯಾಕ್ ಮಾಡಲು ಹೇಳಿಯಾಗಿತ್ತು.

ಮುಂದೆ ಏನಿತ್ತು ಎಂಬುದು ಮನೆಗೆ ಬಂದು ಕಾರ್ಟ್ರಿಜ್ಜಿನ ಬೆಲೆ ವಿಚಾರಿಸಿದ ಮೇಲೆ ತಿಳಿಯಿತು. ಆನೆಯನ್ನು ಬಿಟ್ಟಿಯಾಗಿ ಕೊಟ್ಟು ಕಬ್ಬನ್ನು ಚಿನ್ನದ ತಕ್ಕಡಿಯಲ್ಲಿ ತೂಗುವ ವ್ಯಾಪಾರ. ಒಂದೊಂದು ಡಬ್ಬಿಯಲ್ಲಿ ಇರುವ ಇಂಕು ನಮ್ಮ ಕಾಲದ ಇಂಕ್ ಫಿಲ್ಲರಿನಲ್ಲಿ ಹಿಡಿಯುತ್ತಿದ್ದುದಕ್ಕಿಂತ ಹೆಚ್ಚೇನಲ್ಲ. ನಾನು ತಕ್ಷಣ ನಿರ್ಧರಿಸಿದೆ: ದಸರಾದವರೆಗೆ ಒಂದು ಹನಿಯೂ ಪೋಲಾಗಬಾರದು. ರೇಷ್ಮೆ ಸೀರೆ ಎತ್ತಿಟ್ಟ ಹಾಗೆ ಯಂತ್ರಕ್ಕೆ ಕ್ರೋಷಾ ಹೊದಿಕೆ ಹಾಕಿ, ಪ್ಲಗ್ ಕಿತ್ತು ಮೂಲೆಯಲ್ಲಿಟ್ಟೆ. ನಮ್ಮವರು ಒಂದು ಕರೆಂಟ್ ಬಿಲ್ಲಿನ ಜೆರಾಕ್ಸ್ ಕೇಳಿದರೆ, “ಹೊರಗೆ ಮಾಡಿಸಿಕೊಂಡು ಬನ್ನಿ” ಎಂದೆ. ಮನೆಯಲ್ಲಿ ಯಂತ್ರ ಇಟ್ಟುಕೊಂಡು ಬಿಸಿಲಲ್ಲಿ ಜೆರಾಕ್ಸ್ ಅಂಗಡಿಗೆ ಹೋದ ಮುಳಬಾಗಿಲಿನ ಏಕೈಕ ಗಂಡಸು ನಮ್ಮವರೇ ಇರಬೇಕು.

ಹೊದಿಕೆ ತೆಗೆದದ್ದು ಹಬ್ಬದ ಹಿಂದಿನ ದಿನ. ಪರೀಕ್ಷೆಗೆಂದು ನಮ್ಮವರದೇ ಒಂದು ಫೋಟೋ ಹಾಕಿದೆ. ಅವರು ಬಿದಿರಿನ ತಟ್ಟಿಯ ಹಿಂದೆ ನಿಂತವರಂತೆ ಗೆರೆಗೆರೆಯಾಗಿ ಬಂದರು. ಇಂಕನ್ನು ಉಳಿಸುತ್ತೇನೆಂದು ಉಪಯೋಗಿಸದೆ ಇಟ್ಟರೆ ಅದು ಯಂತ್ರದ ಮೂತಿಯಲ್ಲಿ ಒಣಗಿ ಕೂರುತ್ತದಂತೆ. ಆ ಮೂತಿಯನ್ನು ತೊಳೆಯುವ ಕೆಲಸವನ್ನು ಯಂತ್ರ ತಾನೇ ಮಾಡಿಕೊಳ್ಳುತ್ತದೆ, ನೀರಿನಿಂದಲ್ಲ, ಇಂಕಿನಿಂದಲೇ! ಮುಖ ತೊಳೆಯಲು ಹಾಲೇ ಬೇಕೆನ್ನುವ ಮಹಾರಾಣಿ. ಮೂರು ಸಲ ತೊಳೆದುಕೊಂಡು ಅದು ಶುದ್ಧವಾಗುವ ಹೊತ್ತಿಗೆ ಡಬ್ಬಿಗಳು ಅರ್ಧ ಖಾಲಿ.

ಉಳಿದ ಅರ್ಧದಲ್ಲಿ ಒಂಬತ್ತು ದಿನ ತಳ್ಳಬೇಕು. ಯೋಚಿಸಿದೆ. ಗಾಢ ಬಣ್ಣವಾದರೆ ಇಂಕ್ ಹೆಚ್ಚು ಕುಡಿಯುತ್ತದೆ, ತಿಳಿ ಬಣ್ಣವಾದರೆ ಕಡಿಮೆ. ಆದ್ದರಿಂದ ಎಲ್ಲರಿಗೂ ಫೋನ್ ಮಾಡಿ, “ಗೊಂಬೆ ನೋಡೋಕೆ ಬನ್ನಿ, ಈ ಸಲ ಫೋಟೋನೂ ಇದೆ. ಆದಷ್ಟು ತಿಳಿ ಬಣ್ಣದ ಸೀರೆ ಉಟ್ಟು ಬನ್ನಿ, ಬಿಳಿ ಆದ್ರೆ ಬೆಸ್ಟ್” ಎಂದೆ. ಪದ್ಮಾವತಮ್ಮ ದನಿ ತಗ್ಗಿಸಿ, “ಯಾರಾದ್ರೂ ಹೋಗ್ಬಿಟ್ರಾ ವಿಮಲಮ್ಮ?” ಎಂದರು.

ಮೊದಲ ಸಂಜೆ ಜನ ಬಂದರು. ಹೌದು, ಲೈನು! ನನ್ನ ಬಾಗಿಲಲ್ಲಿ! ಆದರೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಎಂದರೆ ಲೆಕ್ಕ ಕೂಡುವುದಿಲ್ಲ. ನಾಲ್ಕು ನಾಲ್ಕು ಹೆಂಗಸರನ್ನು ಒತ್ತಿ ನಿಲ್ಲಿಸಿ ಒಂದೇ ಫೋಟೋ ತೆಗೆದು, ಪ್ರಿಂಟ್ ಹಾಕಿ, ಕತ್ತರಿಯಿಂದ ಉದ್ದಕ್ಕೆ ಸೀಳಿ, ಒಬ್ಬೊಬ್ಬರ ತಾಂಬೂಲದ ಮೇಲೆ ಒಂದೊಂದು ಪಟ್ಟಿ ಇಟ್ಟೆ. ಇದನ್ನು ನಾನು ಎಕಾನಮಿ ಎಂದುಕೊಂಡಿದ್ದೆ. ಪದ್ಮಾವತಮ್ಮನೂ ಅವರ ಸೊಸೆಯೂ ಒಂದೇ ತಂಡದಲ್ಲಿದ್ದರು. ಅತ್ತೆ ಸೊಸೆಯರು ಮಾತಾಡಿ ಬಹಳ ದಿನವಾಗಿತ್ತು ಎಂಬುದು ಬೀದಿಗೆಲ್ಲ ಗೊತ್ತು. ಜಾಗ ಸಾಲದೆ ಅತ್ತೆ ಸೊಸೆಯ ಭುಜದ ಮೇಲೆ ಕೈ ಇಟ್ಟಿದ್ದರು. ನನ್ನ ಕತ್ತರಿ ಆ ಕೈಯನ್ನು ಮಣಿಕಟ್ಟಿನಲ್ಲಿ ತುಂಡರಿಸಿತ್ತು. ಸೊಸೆ ತನ್ನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ನಮ್ಮತ್ತೆ ನನ್ನ ಭುಜದ ಮೇಲೆ ಕೈ ಇಟ್ಟಿದ್ದು ಇದೊಂದೇ ಸಲ ಆಂಟಿ. ಅದನ್ನೂ ಕತ್ತರಿಸ್ಬಿಟ್ರಲ್ಲ!” ಎಂದಳು. ಮನೆಯೆಲ್ಲ ನಕ್ಕಿತು. ಪದ್ಮಾವತಮ್ಮನೂ ನಕ್ಕರು. “ಕೈ ತಾನೆ, ಮನೇಲಿ ಇದೆ, ಬಾರೇ” ಎಂದು ಸೊಸೆಯನ್ನು ಕರೆದುಕೊಂಡು ಹೋದರು. ಅವರಿಬ್ಬರಿಗೂ ಮಾತು ಬಂತು ಎಂದು ಸಂತೋಷಪಡಬೇಕಾಗಿತ್ತು. ನನಗೆ ಕೇಳಿಸಿದ್ದು ಗೋಡೆಯ ಆಚೆ, ಇಡೀ ಹಾಳೆಯ, ಅಖಂಡವಾದ ಜರ್ರ್... ಟಕ್.

ಎರಡನೆಯ ಸಂಜೆ ಹಳದಿ ಮುಗಿಯಿತು. ದಸರಾ ಎಂದರೆ ಅರಿಶಿನ, ಚೆಂಡುಹೂವು, ಚಿನ್ನ. ಹಳದಿ ಮುಗಿಯದೆ ಇನ್ನೇನು ಮುಗಿಯುತ್ತದೆ? ಕೊನೆಯ ಫೋಟೋದಲ್ಲಿ ಅರಿಶಿನದ ಕೆನ್ನೆಗಳೆಲ್ಲ ನೇರಳೆ ಹಣ್ಣು ತಿಂದ ಬಾಯಿಯ ಬಣ್ಣಕ್ಕೆ ಬಂದವು. ಆಮೇಲೆ ಯಂತ್ರ ನಿಂತೇಬಿಟ್ಟಿತು. ಹೋಗಲಿ, ಕಪ್ಪು ಬಿಳುಪು ಕೊಡು ಎಂದೆ, ಹಳದಿ ಇಲ್ಲ ಎಂದಿತು. ಸ್ಕ್ಯಾನ್ ಆದರೂ ಮಾಡು ಎಂದೆ, ಹಳದಿ ಇಲ್ಲ ಎಂದಿತು. ಕಣ್ಣಿನಿಂದ ನೋಡುವುದಕ್ಕೆ ಹಳದಿ ಯಾತಕ್ಕೆ? ಒಂದಿಲ್ಲವೆಂದರೆ ಎಲ್ಲವೂ ಇಲ್ಲ, ಅದೇ ಆಲ್-ಇನ್-ಒನ್‌ನ ಪೂರ್ತಿ ಅರ್ಥ. ಹೊಸ ಡಬ್ಬಿಗೆ ಆ ಬೆಲೆಯ ವೋಚರನ್ನು ನಮ್ಮವರ ಮುಂದಿಡುವ ಧೈರ್ಯ ನನಗಿರಲಿಲ್ಲ. ಬಂದವರು ತಾಂಬೂಲ ಹಿಡಿದು, ಮೇಲೆ ಏನೂ ಇಲ್ಲದ್ದನ್ನು ಕಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೋಡೆಯ ಆಚೆ ಹೋದರು.

ಮೂರನೆಯ ದಿನ ಲಲಿತ ಅರಿಶಿನ ಕುಂಕುಮಕ್ಕೆ ಕರೆಯಲು ಬಂದಳು. ಹೋಗಬಾರದೆಂದಿದ್ದೆ. ಆಗ ಒಂದು ಘನವಾದ ಯೋಚನೆ ಹೊಳೆಯಿತು. ನನ್ನ ಇಂಕು ಮುಗಿಯುವುದಾದರೆ ಅವಳದೂ ಮುಗಿಯಬೇಕಲ್ಲ! ಬೀರು ತೆಗೆದು, ಹುಡುಕಿ ಹುಡುಕಿ, ಅಮಾವಾಸ್ಯೆಯಷ್ಟು ಗಾಢವಾದ ನೀಲಿ ರೇಷ್ಮೆ ಉಟ್ಟುಕೊಂಡು ಹೋದೆ. ಗೊಂಬೆಗಳ ಮುಂದೆ ಸೆರಗನ್ನು ಅಗಲವಾಗಿ ಹರಡಿಕೊಂಡು ನಿಂತೆ. “ಚಿಕ್ಕದು ಬೇಡ ಲಲಿತಾ, ಫುಲ್ ಪೇಜ್ ಹಾಕು” ಎಂದೆ. ಜರ್ರ್... ಟಕ್. “ಎಂತ ಬಾಗುಂದೋ, ಎಷ್ಟು ಚೆನ್ನಾಗಿದೆ ನೋಡಿ ಅಕ್ಕಾ! ಒಂದು ಸಾಕಾ?” ಎಂದಳು. “ನಾಲ್ಕು ಹಾಕು” ಎಂದೆ. ಅವಳ ಮುಖ ಅರಳಿತು. ಮಾರನೆಯ ದಿನ ಕಡುಗೆಂಪು, ಅದರ ಮಾರನೆಯ ದಿನ ಕಪ್ಪಂಚಿನ ಹಸಿರು. ದಿನವೂ ಹೋಗಿ, ದಿನವೂ ನಾಲ್ಕು ಹಾಕಿಸಿ, ವಾಪಸು ಬರುವಾಗ ಯಂತ್ರದ ಪಕ್ಕದ ಕಿಟಕಿಗಳನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಇಂಕು ನಮ್ಮ ಕಡೆಯ ಕೆರೆಯಂತಿರಲಿಲ್ಲ, ಇಳಿಯುತ್ತಲೇ ಇರಲಿಲ್ಲ. ಬೀದಿಯಲ್ಲಿ ಮಾತ್ರ ಹೊಸ ಸುದ್ದಿ: “ವಾರಗಿತ್ತಿಯರು ಅಂದ್ರೆ ಹಾಗಿರ್ಬೇಕು, ಒಂದು ದಿನಾನೂ ಬಿಟ್ಟಿರಲ್ಲ.”

ವಿಜಯದಶಮಿಯ ಸಂಜೆ ಹೋದಾಗ ಅವಳ ಹಾಲಿನ ಗೋಡೆಯಲ್ಲಿ ನೀಲಿ ರೇಷ್ಮೆಯ ನಾನು, ಕಟ್ಟು ಹಾಕಿಸಿಕೊಂಡು, ನಗುತ್ತಾ ಇದ್ದೆ. “ಇದೇನೇ?” ಎಂದೆ. “ಈ ಮನೇಲಿ ನಿಮ್ದೊಂದು ಫೋಟೋನೇ ಇಲ್ವಲ್ಲಕ್ಕಾ” ಎಂದಳು. “ಮದುವೆ, ಮುಂಜಿ, ನಾಮಕರಣ, ಎಲ್ಲಾ ಆಲ್ಬಮ್ ತೆಗ್ದು ನೋಡ್ದೆ. ಕ್ಯಾಮೆರಾ ಯಾವಾಗ್ಲೂ ನಿಮ್ ಕೈಲೇ ಇತ್ತು. ನಾವೆಲ್ಲಾ ಇದ್ದೀವಿ, ನೀವಿಲ್ಲ.” ಕಾನ್ವೆಂಟಿನ ಹುಡುಗಿಗೆ ಕ್ಯಾಮೆರಾ ಹಿಡಿಯಲು ಬರುತ್ತದೆ ಎಂದು ಎಲ್ಲರೂ ಹೊಗಳಿ ಹೊಗಳಿ, ಇಷ್ಟು ವರ್ಷ ನನ್ನನ್ನು ಫೋಟೋದ ಹೊರಗೇ ನಿಲ್ಲಿಸಿದ್ದರು. ಅದು ನಮ್ಮವರಿಗೆ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

ಕಣ್ಣಿಗೆ ಏನೋ ಬಿದ್ದಂತೆ ಮಾಡಿ ಯಂತ್ರದ ಕಡೆ ತಿರುಗಿದೆ. ನೋಡಿದರೆ, ದೇವರೇ, ನೀಲಿ ಕೊನೆಗೂ ಇಳಿದಿತ್ತು! ತಳದಲ್ಲಿ ಒಂದು ಬೆರಳಿನಷ್ಟು ಮಾತ್ರ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಲಲಿತ ಪಕ್ಕದಲ್ಲಿ ಬಂದು ನಿಂತಳು. “ನೋಡಿದ್ರಾ? ನಿಮ್ ಸೀರೆಗಳೇ ಅಕ್ಕಾ, ಎಲ್ಲಾ ಕುಡ್ದುಬಿಟ್ವು. ಅದಕ್ಕೇ ನಿಮಗೋಸ್ಕರ ಅಂತ ಬೇರೆ ಬಾಟ್ಲು ತರ್ಸಿದ್ದೀನಿ” ಎಂದು ನಗುತ್ತಾ ಮುಚ್ಚಳ ತಿರುವಿ ಸುರಿಯತೊಡಗಿದಳು. ಕಿಟಕಿಯಲ್ಲಿ ನೀಲಿ ಸದ್ದಿಲ್ಲದೆ ಮೇಲೇರಿ, ಕಂಠದವರೆಗೆ ಬಂದು ನಿಂತಿತು. ಪ್ರಿಂಟರ್ ವಿಷಯದಲ್ಲಿ ಅವಳು ಮುಂದೆ ಎಂಬುದನ್ನು ನಾನು ಹೇಗೋ ಸಹಿಸಿಕೊಂಡೇನು. ಒಳ್ಳೆಯತನದಲ್ಲೂ ಅವಳೇ ಮುಂದೆ ಎಂದರೆ ಹೇಗೆ ಸಹಿಸಲಿ? ದೀಪಾವಳಿಗೆ ಏನು ಉಟ್ಟುಕೊಂಡು ಹೋಗಲಿ ಎಂದು ಈಗಿನಿಂದಲೇ ಬೀರು ಹುಡುಕುತ್ತಿದ್ದೇನೆ. ನಮ್ಮವರು ವೋಚರ್ ಕೇಳಿದರೆ, ಇಂಕು ಖಾಲಿ ಮಾಡಲು ಎಂದೇ ಹೇಳುತ್ತೇನೆ.