ಒಂದಡಿ ಮೀನಿನ ತಕರಾರು

ಕೈಯಲ್ಲಿ ಮೀನಿದ್ದಾಗ ಯಾರೂ ನೆಟ್ಟಗೆ ಅಳೆಯುವುದಿಲ್ಲ. ನನ್ನ ದೋಣಿಯಲ್ಲಂತೂ ಒಮ್ಮೆಯೂ ಅಳೆದಿಲ್ಲ. ಕೆಳಗಿನದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಅರ್ಧಕ್ಕೆ ನಾನು ಜವಾಬ್ದಾರನಲ್ಲ.

ಅಂಬ್ಲಿಗೊಳದ ಆಚೆ ಒಂದು ಕೆರೆ. ಅಲ್ಲಿ ನಾನು ಕಯಾಕ್ ಇಳಿಸಿ ಗಾಳ ಹಾಕುತ್ತೇನೆ; ಕಯಾಕ್ ಅಂದರೆ ಇಬ್ಬರು ಕೂರುವ ಪ್ಲಾಸ್ಟಿಕ್ ದೋಣಿ. ಒಂದಡಿಗಿಂತ ಗಿಡ್ಡ ಕಾಟ್ಲಾ ಮೀನು ಸಿಕ್ಕರೆ ವಾಪಸ್ ನೀರಿಗೆ ಬಿಡಬೇಕೆಂಬುದು ಕೆರೆ ಕಾವಲುಗಾರರ ಕಾನೂನು. ನಾನು ಆಗಲೇ ಎರಡು ಸಲ ಸಿಕ್ಕಿಬಿದ್ದಿದ್ದೆ. "ಇನ್ನೊಂದು ಮರಿ ದಡಕ್ಕೆ ಬಂತೋ, ನಿಮ್ಮ ದೋಣಿ ಈ ಕೆರೆಗೆ ಇಳಿಯಂಗಿಲ್ಲ ನೋಡ್ರಿ," ಎಂದಿದ್ದರು.

1. ಟೈಲರ್ ಟೇಪು

ಅಳತೆ ಪಕ್ಕಾ ಇರಲಿ ಎಂದು ಶಿಕಾರಿಪುರದ ನಮ್ಮ ಟೈಲರನ್ನೇ ಟೇಪಿನ ಸಮೇತ ಮುಂದೆ ಕೂರಿಸಿಕೊಂಡೆ. ಕಾಟ್ಲಾ ಸಿಕ್ಕಿತು. ಅದು ಒದ್ದಾಡಿದಂತೆಲ್ಲ ದೋಣಿಯೂ ಓಲಾಡಿತು. "ಅಲುಗಾಡಬ್ಯಾಡ, ನೆಟ್ಟಗೆ ನಿಲ್ಲು!" ಎಂದು ಮೀನಿಗೇ ಗದರಿ ಅಳೆದರು.

"ಹದಿಮೂರು ಇಂಚು!"

ನನಗೇಕೋ ಅನುಮಾನ. ದಡ ಮುಟ್ಟುವ ಮೊದಲು ನಾನೇ ಅಳೆದೆ. ಹನ್ನೊಂದು.

"ಎರಡಿಂಚು ಎಲ್ಲಿ ಹೋಯ್ತ್ರೀ?"

"ಅದು ಲೂಸು. ಮುಂದೆ ಮೈ ಬಂದ್ರೆ ಬಿಚ್ಚಿ ಹೊಲೀಬೋದಲ್ರೀ!"

2. ಖರಾಬು

ಮುಂದಿನ ವಾರ ಸೊರಬದ ನಿವೃತ್ತ ಸರ್ವೇಯರ್ ಬಂದರು. ಸಿಕ್ಕ ಮೀನು ಹದಿನಾಲ್ಕು ಇಂಚಿಗೆ ಕಮ್ಮಿಯಿಲ್ಲ. ಅವರು ಕನ್ನಡಕ ಏರಿಸಿ, ಮೂತಿಯಿಂದ ಬಾಲದ ಬುಡದವರೆಗೆ ಮಾತ್ರ ಅಳೆದು, "ಹನ್ನೊಂದೇ," ಎಂದು ಅದನ್ನು ನೀರಿಗೆ ಜಾರಿಸಿಯೇಬಿಟ್ಟರು.

"ಸಾರ್, ಬಾಲ?"

"ಬಾಲದಲ್ಲಿ ಏನು ಬೆಳೆ ಬರುತ್ತೆ ಮಾರಾಯ್ರೇ? ಅದು ಖರಾಬು, ಕಳೀಬೇಕು."

"ಇನ್ನೊಮ್ಮೆ ಅಳೀಬೇಕಿತ್ತು!"

"ಅರ್ಜಿ ಕೊಡಿ. ಅಕ್ಕಪಕ್ಕದ ಮೀನುಗಳಿಗೆ ನೋಟಿಸ್ ಕೊಟ್ಟೇ ಮರು ಅಳತೆ."

3. ನನ್ನದೇ ಇಂಚು

ಇನ್ನು ಯಾರೂ ಬೇಡವೆಂದು ದೋಣಿಯ ಹುಟ್ಟಿನ ಉದ್ದಕ್ಕೂ ನಾನೇ ಕೆಂಪು ಬಣ್ಣದಲ್ಲಿ ಅಡಿ, ಇಂಚಿನ ಗೆರೆ ಎಳೆದೆ. ಕೈ ಸ್ವಲ್ಪ ಬಿಗಿಯಾಯಿತು; ಹತ್ತು ಇಂಚಿನ ಜಾಗದಲ್ಲಿ ಹನ್ನೆರಡು ಹಿಡಿಸಿಬಿಟ್ಟೆ. ಅವತ್ತು ಸಿಕ್ಕ ಕಾಟ್ಲಾ ಹತ್ತೇ ಇಂಚು. ಹುಟ್ಟಿನ ಪ್ರಕಾರ ಭರ್ತಿ ಒಂದಡಿ!

ದೋಣಿ ಇನ್ನೂ ತೇಲುತ್ತಿರುವಾಗಲೇ ಕಾವಲುಗಾರರು ಮೊಣಕಾಲುದ್ದ ನೀರಿಗಿಳಿದು ಬಂದರು. ಮೀನನ್ನು ಹುಟ್ಟಿನ ಮೇಲಿಟ್ಟು ನೋಡಿದರು. ನನ್ನ ಮುಖವನ್ನೂ ನೋಡಿದರು.

"ಅಳತೆ ಪಕ್ಕಾ ಐತೇನ್ರೀ?"

"ಕಂಪನಿ ಅಳತೆ! ದೇವರಾಣೆ."

"ಹಂಗಾರೆ ಇದ್ರಾಗೇ ದೋಣಿನೂ ಅಳದುಬಿಡಾಣ. ಹನ್ನೊಂದಡಿ ದಾಟಿದ್ದಕ್ಕೆ ಇಲ್ಲಿ ಪರ್ಮಿಷನ್ ಇಲ್ಲ."

ಹುಟ್ಟನ್ನು ದೋಣಿಯ ಉದ್ದಕ್ಕೆ ಎರಡು ಸಲ ಇಟ್ಟು ಅಳೆದರು. ನನ್ನ ಹತ್ತಡಿ ದೋಣಿ ಹನ್ನೆರಡಡಿ ಬಂತು!

ಅಳತೆ ಸರಿ ಅಂದರೂ ದೋಣಿ ಹೋಯಿತು, ತಪ್ಪು ಅಂದರೆ ಮೀನು ಗಿಡ್ಡ, ಆಗಲೂ ಹೋಯಿತು.

"ಏನಂತೀರಿ? ದೋಣಿ ದಡಕ್ಕೋ, ಮೀನು ನೀರಿಗೋ?"

ಮೀನನ್ನು ಮೆಲ್ಲಗೆ ಕೆರೆಗೆ ಬಿಟ್ಟೆ. "ಎರಡೂ ನೀರಲ್ಲೇ ಇರ್ಲಿ ಬಿಡ್ರೀ. ಆ ಕಂಪನಿಯೋರು ನನಗೆ ಹೆಂಗೆ ಮೋಸ ಮಾಡ್ಯಾರೆ ನೋಡ್ರಿ!"

ಅವರು ತಮ್ಮ ಹೆಬ್ಬೆರಳು ಎತ್ತಿ ತೋರಿಸಿದರು. ತುದಿಯೆಲ್ಲ ಕೆಂಪು.

"ಕಂಪನಿ ಬಣ್ಣ ಇನ್ನೂ ಹಸಿ ಐತ್ರೀ."