ಅಕ್ಕನ ಮಾತ್ರೆಗೆ ಭಾವನ ಹಾಜರಿ ಪುಸ್ತಕ

ರಕ್ತ ಪರೀಕ್ಷೆ ಮಾಡೋನ ಹತ್ರ ಯಾರೂ ನಗ್ತಾ ಬರೋದಿಲ್ಲ. ಮೂಡಿಗೆರೆಯ ನನ್ನ ಪುಟ್ಟ ಲ್ಯಾಬಿಗೆ ಬರೋರೆಲ್ಲ ಮುಖ ಸಪ್ಪೆ ಮಾಡ್ಕೊಂಡೇ ಬರ್ತಿದ್ದರು. ಆದರೂ ಅಲ್ಲಿ ನಾನು ನಕ್ಕಷ್ಟು ಬೇರೆಲ್ಲೂ ನಕ್ಕಿಲ್ಲ, ಅದರಲ್ಲಿ ಮುಕ್ಕಾಲು ಪಾಲು ನಮ್ಮ ಭಾವನ ದಯೆ. ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕನಿಗೆ ರಕ್ತದ ಕ್ಯಾನ್ಸರ್ ಆಯ್ತು. ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಮುಗಿಸಿ ಮನೆಗೆ ಕಳಿಸುವಾಗ, ಇನ್ನೆರಡು ವರ್ಷ ದಿನಾ ಮಾತ್ರೆ ನುಂಗಬೇಕು, ಬಿಟ್ಟರೆ ಕಾಯಿಲೆ ತಿರುಗಿ ಬರಬಹುದು ಅಂದಿದ್ದರು. ಅಳೋ ಕಾಲವೇ ಅದು, ಅತ್ತೂ ಇದ್ದೇವೆ. ಆದರೆ ಭಾವ ನೆಟ್ಟಗೆ ಅಳಕ್ಕೂ ಬಿಡಲಿಲ್ಲ.

ಜಳ್ಳು

ಭಾವ ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕೋದು, ಕಾಫಿ ಬೀಜ ಅಂಗೈಯಲ್ಲಿ ಹಾಕ್ಕೊಂಡು ಗಟ್ಟಿ ಯಾವುದು, ಜಳ್ಳು ಯಾವುದು ಅಂತ ಹೇಳೋದು ಅವರ ಕೆಲಸ. ಒಂದು ದಿನ ಅಕ್ಕನ ರಕ್ತ ತಾವೂ ನೋಡಬೇಕು ಅಂತ ಹಟ ಹಿಡಿದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಬಹಳ ಹೊತ್ತು ತೆಗೀಲೇ ಇಲ್ಲ. ತೆಗೆದಾಗ ಮುಖ ಬಿಳಚಿಕೊಂಡಿತ್ತು. ಸೈಜೆಲ್ಲ ಸರಿಯಾಗಿದೆ, ಆದರೆ ಒಂದೊಂದು ಕಣವೂ ನಡುವೆ ಟೊಳ್ಳು, ಪೂರ್ತಿ ಜಳ್ಳು ಬಿದ್ದಿದೆ ಅಂದರು. ಕೆಂಪು ಕಣ ಅಂದ್ರೆ ಎಲ್ಲರದ್ದೂ ನಡುವೆ ತಗ್ಗಾಗೇ ಇರ್ತದೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ನನ್ನ ಬೆರಳನ್ನೇ ಚುಚ್ಚಿಕೊಂಡು ನನ್ನ ರಕ್ತ ತೋರಿಸಿದೆ. ಭಾವನಿಗೆ ಹೋದ ಜೀವ ಬಂತು.

'ಹಂಗಾದ್ರೆ ಇದು ಕಾಯಿಲೆ ಅಲ್ಲ ಮಾರಾಯ, ನಿಮ್ಮ ಮನೆತನವೇ ಜಳ್ಳು.'

ಅರ್ಧ ದಿನ

ಮಾತ್ರೆಗೂ ಭಾವ ಒಂದು ಹಾಜರಿ ಪುಸ್ತಕ ಮಾಡಿದರು. ಎಸ್ಟೇಟಿನದ್ದೇ ಉದ್ದ ಪುಸ್ತಕ, ಅಡ್ಡಗೆರೆ, ಉದ್ದಗೆರೆ, ಎಲ್ಲ ಪಕ್ಕಾ. ಅಕ್ಕ ಅವರ ಎದುರೇ ನುಂಗಬೇಕು, ಬಾಯಿ ತೆರೆದು ತೋರಿಸಬೇಕು, ಆಮೇಲೆ ಅವರು ಗುರುತು ಹಾಕಬೇಕು. ಇಂಗ್ಲಿಷ್ ಮಾತ್ರೆ ಉಷ್ಣ, ಅದಕ್ಕೆ ತಂಪಾಗಲಿ ಅಂತ ಆಗಷ್ಟೇ ಕರೆದ ನೊರೆಹಾಲನ್ನ ದೊಡ್ಡ ಲೋಟದಲ್ಲಿ ತಾವೇ ತಂದು ಕೊಡೋರು. ಅಕ್ಕನಿಗೆ ಚಿಕ್ಕಂದಿನಿಂದ ಹಾಲು ಕಂಡರಾಗದು. ಪಾಪ, ಗಂಡನ ಮುಖ ನೋಡಿ ಕಣ್ಣುಮುಚ್ಚಿ ಕುಡಿದುಬಿಡ್ತಿದ್ದಳು.

ಒಂದು ದಿನ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ ಆಯ್ತು. ಭಾವ ಯೋಚನೆ ಮಾಡಿ ಪುಸ್ತಕದಲ್ಲಿ 'ಅರ್ಧ ದಿನ' ಅಂತ ಬರೆದರು. ಅಕ್ಕ ಬಾಯಿ ತೊಳ್ಕೊಂಡು ಬಂದು ನೋಡಿದಳು. ಇಷ್ಟು ವರ್ಷದಿಂದ ಬೇಯಿಸಿ ಹಾಕ್ತಾ ಇದ್ದೀನಿ, ನನ್ನ ಹೆಸರು ಯಾವ ಪುಸ್ತಕದಲ್ಲಿದೆ ಅಂತ ಕೇಳಿದಳು. ಮಾರನೇ ದಿನದಿಂದ ಮಾತ್ರೆಯ ಕೆಳಗೆ ಇನ್ನೊಂದು ಸಾಲು ಶುರುವಾಯ್ತು: 'ಮನೆಯವರು, ಹಾಜರ್.'

ಹೊರೆ

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಅಕ್ಕನನ್ನ ನೋಡ್ತಿದ್ದ ಡಾಕ್ಟರಮ್ಮ, ಕ್ಯಾನ್ಸರ್ ಔಷಧಿ ಕೆಂಪು ಕಣದೊಳಗೆ ಹೇಗೆ ಹೋಗ್ತದೆ ಅಂತ ಸಂಶೋಧನೆ ಮಾಡ್ತಿದ್ದರು. ಭಾವ ಬಿಡ್ತಾರಾ? ಗೇಟು ಯಾವುದು, ಒಳಗೆ ಬಿಡೋರು ಯಾರು ಅಂತ ಕೇಳೇ ಬಿಟ್ಟರು. ಡಾಕ್ಟರಮ್ಮ ಬೇಜಾರಿಲ್ಲದೆ ಚಿತ್ರ ಬರೆದು ಹೇಳಿದರು. ಕೆಲವು ಔಷಧಿ ಕಣದ ಪೊರೆಯಲ್ಲೇ ಇಂಗಿ ಒಳಗಿಳೀತವೆ. ಕೆಲವಕ್ಕೆ ಪೊರೆಯಲ್ಲಿ ಬಾಗಿಲೇ ಇದೆ. ಅಕ್ಕನ ಮಾತ್ರೆಯಂಥದ್ದು ಒಳಗೆ ಹೋದ ಮೇಲೆ ಕಣ ಅದಕ್ಕೊಂದು ಹೊರೆ ಕಟ್ಟಿಬಿಡ್ತದೆ, ಆ ಹೊರೆ ಹೊತ್ಕೊಂಡು ಬಂದ ದಾರೀಲಿ ವಾಪಸ್ ಹೋಗಕ್ಕಾಗಲ್ಲ.

ನನಗೆ ಮೈ ಜುಮ್ಮೆಂದಿತು. ದಿನಾ ಗಾಜಿನ ಮೇಲೆ ಸವರಿ, ನೋಡಿ, ತೊಳೆದು ಚೆಲ್ಲುತ್ತಿದ್ದ ಹನಿಯಲ್ಲಿ ಬಾಗಿಲು, ಹೊರೆ, ಇಷ್ಟೆಲ್ಲ ಇದೆ ಅಂತ ನನಗೇ ಗೊತ್ತಿರಲಿಲ್ಲ. ಒಳಗೆ ಹೋಗಿ ಏನು ಕೆಲಸ ಮಾಡ್ತದೆ ಅಂತ ಭಾವ ಕೇಳಿದರು. ಕೆಂಪು ಕಣದಲ್ಲಿ ಏನೂ ಇಲ್ಲ, ಸುಮ್ಮನೆ ಕೂತಿರ್ತದೆ, ಕೆಲಸ ಇರೋದು ಬೇರೆ ಕಡೆ. ಆದರೆ ಅಲ್ಲಿ ಎಷ್ಟು ಕೂತಿದೆ ಅಂತ ಅಳೆದರೆ ಮೈಗೆ ಎಷ್ಟು ಸೇರಿದೆ ಅಂತ ಗೊತ್ತಾಗ್ತದೆ ಅಂದರು ಡಾಕ್ಟರಮ್ಮ. ಭಾವ ಎದ್ದು ನಿಂತು ಕೈ ಮುಗಿದರು.

'ಅದೂ ಹಾಜರಿ ಪುಸ್ತಕವೇ ಅನ್ನಿ ಮೇಡಂ.'

ಕಿಟಕಿ ಪಕ್ಕ

ಆ ಅಳತೆಗೆ ಅಕ್ಕನ ರಕ್ತ ತೆಗೆದು, ಫ್ಲಾಸ್ಕಿನಲ್ಲಿ ಐಸ್ ತುಂಬಿ ಅದರಲ್ಲಿಟ್ಟು ನಾನೇ ಒಯ್ದೆ. ಬಸ್ಸಿನಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಕೊಟ್ಟಿಗೆಹಾರ ದಾಟಿ ತಿರುವು ಶುರುವಾದ ಮೇಲೆ, ಸೀಟಿನಲ್ಲಿದ್ದ ಒಬ್ಬ ಹೆಂಗಸು ತಲೆ ಸುತ್ತುತ್ತೆ, ಒಂದು ಗುಟುಕು ಕಾಫಿ ಕೊಡ್ತೀರಾ ಅಂತ ಫ್ಲಾಸ್ಕಿಗೆ ಕೈ ಹಾಕಿದರು. ಒಳಗೆ ಏನಿದೆ ಅಂತ ನಿಜ ಹೇಳಿದೆ. ಮೂರು ಜನದ ಸೀಟು ಖಾಲಿ. ಚಾರ್ಮಾಡಿ ಇಳಿಯೋವರೆಗೆ ಅಕ್ಕನ ರಕ್ತ ಕಿಟಕಿ ಪಕ್ಕ ಕೂತು ಬಂತು.

ಎರಡು ಪುಸ್ತಕ

ರಿಪೋರ್ಟ್ ಬಂತು. ಕಣದಲ್ಲಿ ಇರಬೇಕಾದಷ್ಟು ಔಷಧಿ ಇಲ್ಲ, ತೀರಾ ಕಡಿಮೆ. ಮಾತ್ರೆ ತಪ್ಪಿಸ್ತಿದ್ದೀರಾ ಅಂತ ಡಾಕ್ಟರಮ್ಮ ಅಕ್ಕನನ್ನ ಮೆತ್ತಗೆ ಕೇಳಿದರು. ಭಾವ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿ ಒಂದೂ ಗೈರು ಇಲ್ಲ. ಹಾಜರಿ ಹಾಕಿಸಿಕೊಂಡು ಗಿಡದ ಮರೆಯಲ್ಲಿ ಮಲಗೋರನ್ನ ಹಿಡಿಯೋದರಲ್ಲೇ ಜೀವ ತೇದ ಮನುಷ್ಯ, ಒಂದು ಕ್ಷಣ ಹೆಂಡತಿ ಕಡೆ ತಿರುಗಿ ನೋಡಿದರು. ಅಕ್ಕನ ಕಣ್ಣು ತುಂಬಿತು.

'ಬದುಕಬೇಕು ಅಂತಾನೇ ನುಂಗಿದ್ದು ಕಣ್ರೀ.'

ಡಾಕ್ಟರಮ್ಮ ಪುಸ್ತಕ ತಿರುವಿ ಹಾಕ್ತಾ, ಮಾತ್ರೆ ಯಾವುದರ ಜೊತೆ ಕೊಡ್ತೀರಿ ಅಂತ ಕೇಳಿದರು. ಭಾವ ಎದೆ ಉಬ್ಬಿಸಿ, 'ನೊರೆಹಾಲು ಮೇಡಂ, ನಾನೇ ಕರೆಯೋದು' ಅಂದರು. ಡಾಕ್ಟರಮ್ಮ ತಲೆ ಮೇಲೆ ಕೈ ಇಟ್ಟರು. ಕಾಯಿಸದ ಹಾಲು ಇಂಥ ರೋಗಿಗೆ ಕೊಡಲೇಬಾರದು. ಸಾಲದ್ದಕ್ಕೆ, ಈ ಮಾತ್ರೆಯನ್ನ ಕೆಡಿಸೋ ಅಂಶ ಹಾಲಿನಲ್ಲೇ ಇದೆ, ಅದೇ ಕಾರಣ ಇರಬೇಕು ಅಂದರು. ಭಾವ ಪುಸ್ತಕ ತಗೊಂಡು ಚೀಲದೊಳಗೆ ತುರುಕಿದರು. ಅವತ್ತಿಂದ ಮಾತ್ರೆಗೆ ಬರೀ ನೀರು. ಮುಂದಿನ ಸಲ ಫ್ಲಾಸ್ಕು ಘಟ್ಟ ಇಳಿದು ಬಂದಾಗ ಕಣಗಳಲ್ಲಿ ಔಷಧಿ ಬೇಕಾದಷ್ಟು ಕೂತಿತ್ತು. ಅಕ್ಕ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ.

ಆದರೆ ಸುಳ್ಳು ಹಾಜರಿ ಬರೆದ ರೈಟರಿಗೆ ಶಿಕ್ಷೆ ಆಗಬೇಕಲ್ಲ? ಅಕ್ಕ ತೀರ್ಪು ಕೊಟ್ಟಳು: ತಾನು ಕುಡಿದಷ್ಟು ದಿನ, ಅದೇ ಲೋಟದಲ್ಲಿ, ತನ್ನ ಎದುರೇ ಅವರು ಹಾಲು ಕುಡೀಬೇಕು, ಬಾಯಿ ತೆರೆದು ತೋರಿಸಬೇಕು. ಭಾವನಿಗೂ ಹಾಲು ಕಂಡರಾಗದು ಅಂತ ನಮಗೆ ಗೊತ್ತಾಗಿದ್ದೇ ಆಗ. ಒಂದು ದಿನ ಅವಳು ಆ ಕಡೆ ತಿರುಗಿದ್ದು ನೋಡಿ, ಲೋಟದಲ್ಲಿ ಉಳಿದದ್ದನ್ನ ಅಂಗಳದ ಕಾಫಿ ಗಿಡದ ಬುಡಕ್ಕೆ ಸುರಿದುಬಿಟ್ಟರು. ಅಷ್ಟರಲ್ಲಿ ಅಕ್ಕ ತಿರುಗಿ ನೋಡಿಬಿಟ್ಟಳು. ಒಳಗೆ ಹೋಗಿ ಪುಸ್ತಕ ತಂದು, ಭಾವನ ಹೆಸರಿನ ಮುಂದೆ ಬರೆದಳು: 'ಅರ್ಧ ದಿನ.'